ನಿಂತ ಮುಖ

ಮೊದಲೆಲ್ಲ ಬಾಗಿಲ ಹೊರಗೆ ಬಿಟ್ಟ ಚಪ್ಪಲಿಯೇ
ಅರ್ಧ ಕತೆ ಹೇಳುತ್ತಿತ್ತು.
ಹಿಮ್ಮಡಿ ಒಂದೇ ಮಗ್ಗುಲಿಗೆ ಸವೆದದ್ದು,
ಕುರ್ಚಿಯ ಅಂಚಿಗಷ್ಟೇ ಕೂತು
ಕಾಲ್ಬೆರಳಿನಿಂದ ಜಮಖಾನೆ ಕೆದರುವುದು.
ಈಗ ಎದೆಯಿಂದ ಮೇಲಷ್ಟೇ ಜನ.
ಧಾರವಾಡ ಸಪ್ತಾಪುರದ ಹಿತ್ತಲ ಖೋಲಿಯಲ್ಲಿ
ಲ್ಯಾಪ್‌ಟಾಪಿನ ಕೆಳಗೆ ಎರಡು ಹಳೆಯ ನಿಘಂಟು ಪೇರಿಸಿ
ನಾನೂ ಎದೆಯಿಂದ ಮೇಲಷ್ಟೇ ಇದ್ದೇನೆ.
ಕಾಲು ನಡುಗಿದರೆ ಯಾರಿಗೂ ಕಾಣದು.
ಅದೊಂದು ಲಾಭ.

ಹೊಂಬಳ ಡಾಕ್ಟರು ಹೇಳುತ್ತಿದ್ದರು:
"ಖೋಲಿಯೊಳಗ ಅರ್ಧಾ ಔಷಧ ನಿನ್ನ ಮೈನಽ ನೋಡವಾ.
ನೀ ಸಾವಕಾಶ ಉಸಿರು ಬಿಟ್ರ
ಎದುರಿಗಿದ್ದವನೂ ಬಿಡ್ತಾನ."
ಗಾಜಿನಾಚೆ ಉಸಿರು ಹೇಗೆ ದಾಟಿಸಲಿ ಸರ್,
ಎಂದು ಕೇಳುವ ಮೊದಲೇ ನಿವೃತ್ತರಾಗಿ ಹೋದರು.
ಈಗ ಗಳಿಗೆಗೊಮ್ಮೆ ನನ್ನದು ಒಂದೇ ಮಾತು,
"ಕೇಳಸ್ತದೇನ್ರಿ?"
ಕೇಳುವುದೇ ಕಸುಬಾದವಳು
ಕೇಳುತ್ತದೆಯೇ ಎಂದು ಕೇಳುತ್ತ ದಿನ ಕಳೆಯುತ್ತೇನೆ.

ಗುರುವಾರ ಸಂಜೆ ಆರಕ್ಕೆ ಗುದ್ಲೆಪ್ಪ.
ಹಾವೇರಿ ಡಿಪೋದಲ್ಲಿ ರಿಪೇರಿಗೆ ನಿಂತ ಬಸ್ಸು,
ಕಟ್ಟಕಡೆಯ ಸೀಟು.
ಮನೆಯಲ್ಲಿ ಒಂದೇ ಖೋಲಿ, ಆರು ಮಂದಿ;
ಅಳಲಿಕ್ಕೆ ಇಷ್ಟು ಜಾಗ ಅವನಿಗೆ ಬೇರೆಲ್ಲೂ ಇಲ್ಲ.
ಹದಿನೆಂಟು ವರ್ಷದ ಕಂಡಕ್ಟರು,
ಈಗ ಸೀಟಿ ತುಟಿಗಿಟ್ಟರೆ ಉಸಿರೇ ಬರುವುದಿಲ್ಲ.
ಆಫೀಸಿನಲ್ಲಿ ಕೂತು ಟಿಕೆಟ್ ರೋಲು ಎಣಿಸುತ್ತಾನೆ.
ಯಾಕೆಂದು ಎಂಟು ವಾರ ಹೇಳಲಿಲ್ಲ.
ಹವೆಯ ಮಾತಾಡಿದ, ಮೆಣಸಿನಕಾಯಿ ದರದ ಮಾತಾಡಿದ,
ನನ್ನ ಹಿಂದಿನ ಗೋಡೆಯ ಗಡಿಯಾರ
ಐದು ನಿಮಿಷ ಹಿಂದಿದೆ ಎಂದು ತಿದ್ದಿದ.

ಒಂಬತ್ತನೆಯ ಗುರುವಾರ ನಮ್ಮ ಓಣಿಯ ಕರೆಂಟು ಹೋಯಿತು.
ಫೋನು ಹಿಡಿದು ಟೆರೇಸಿಗೆ ಓಡಿ
ಪಾಸ್‌ವರ್ಡು ಎರಡು ಸಲ ತಪ್ಪಿ
ಮತ್ತೆ ಸೇರುವಷ್ಟರಲ್ಲಿ ನಾಲ್ಕು ನಿಮಿಷ.
ಅವನು ಟವೆಲ್ಲಿನಲ್ಲಿ ಮುಖ ಒರೆಸುತ್ತಿದ್ದ.
"ಹೇಳಿಬಿಟ್ಟೆ ನೋಡ್ರಿ ಮೇಡಮ್ಮರ.
ನೀವು ಕಣ್ಣು ಸೈತ ಪಿಳುಕಿಸ್ಲಿಲ್ಲ.
ಇಷ್ಟು ಛಲೋ ಯಾರೂ ಕೇಳಿದ್ದಿಲ್ಲ ನನ್ನ ಮಾತು."

ತಿಳಿಯಲು ಹೊತ್ತು ಹಿಡಿಯಿತು.
ಅಲ್ಲಿ ನಿಂತುಹೋದ ನನ್ನ ಮುಖ:
ತುಸು ವಾಲಿದ ತಲೆ, ಅರ್ಧ ತೆರೆದ ಬಾಯಿ,
ಹೂಂ ಎನ್ನುವುದಕ್ಕೆ ಕೂದಲೆಳೆಯಷ್ಟು ಮೊದಲು.
ನಾನು ಇಲ್ಲಿ ಹೆಸ್ಕಾಂನವರಿಗೆ ಬೈಯುತ್ತಿದ್ದಾಗ
ಆ ಮುಖ ನನ್ನ ಕೆಲಸ ಮಾಡಿತ್ತು.
ನನಗಿಂತ ಚೆನ್ನಾಗಿ.

ಸುಮ್ಮನೆ ಹೂಂ ಅಂದಿದ್ದರೆ ಮುಗಿಯುತ್ತಿತ್ತು.
ಮುಂದಿನ ವಾರ ಜಾಣತನದಿಂದ
ಎಳೆ ಎಳೆಯಾಗಿ ಬಿಡಿಸಿಕೊಂಡರಾಯಿತು;
ಅಂಥ ಜಾಣತನ ನನ್ನಲ್ಲಿ ಬೇಕಾದಷ್ಟಿದೆ, ಗೊತ್ತು.
ಕಾಲು ನಡುಗುತ್ತಿತ್ತು.

"ಗುದ್ಲೆಪ್ಪನವರ, ನಾ ಇರಲಿಲ್ರಿ.
ನೆಟ್ ಹೋಗಿತ್ತು.
ನೀವು ಹೇಳಿದ್ದು ಒಂದಕ್ಷರ ನನಗ ಮುಟ್ಟಿಲ್ಲ."

ಬಸ್ಸಿನಾಚೆ ಯಾರೋ ಸ್ಪ್ಯಾನರು ಬೀಳಿಸಿದರು.
ಅವನು ಟವೆಲ್ಲು ಮಡಚಿದ. ಎರಡು ಮಡಿಕೆ. ನಾಲ್ಕು.
ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವರನ್ನು ನೋಡುವ ಹಾಗೆ
ನನ್ನನ್ನು ನೋಡಿದ.
"ಹಂಗಾರ ಇಲ್ಲೀತನಕ ಯಾರಿಗೆ ಹೇಳಿದ್ನಿ?"
ಗೊತ್ತಿಲ್ಲ, ಅಂದೆ. ಅದೂ ನಿಜವೇ.

ಬಹಳ ಹೊತ್ತಿನ ಮೇಲೆ,
"ನಿಮ್ಮ ಹಿಂದ ಸಂಡಗಿ ಹರವ್ಯಾರ.
ಮಾಡ ಆಗೇದ, ತಗೀರಿ ಮೊದ್ಲ."
ತೆಗೆದೆ. ಚಾಪೆ ಸುತ್ತಿ ಒಳಗಿಟ್ಟು ಬಂದೆ.
ಅವನು ಖಾಲಿ ಟೆರೇಸನ್ನು ನೋಡುತ್ತ ಕಾದ.

ಎರಡನೆಯ ಸಲ ಕತೆ ಚಿಕ್ಕದಾಗಿತ್ತು:
ಗುತ್ತಲದ ಕಡೆಯ ಕ್ರಾಸು. ಬುತ್ತಿಗಂಟು ಹಿಡಿದ ಮುದುಕಿ.
ಒಂದು ಕಾಲು ಮೆಟ್ಟಿಲ ಮೇಲೆ,
ಒಂದು ಇನ್ನೂ ನೆಲದಲ್ಲಿ.

ನಿಲ್ಲಿಸಿದ. ನಾನು ಕಣ್ಣು ಪಿಳುಕಿಸಿದೆ, ಒಮ್ಮೆ ಕೆಮ್ಮಿದೆ.
"ಕೇಳಸ್ತದೇನ್ರಿ?" ಅಂದ ಅವನು.
"ಕೇಳಸ್ತದ್ರಿ."

ನೋಡಿದ್ದನಂತೆ.
ನೋಡಿಯೂ ಸೀಟಿ ಊದಿದ್ದನಂತೆ.
ಹೊತ್ತಾಗಿತ್ತು.
ಐದು ನಿಮಿಷ.